ಏಪ್ರನ್ನಿನ ನೂಲು ಯಾವುದು?

ಶಿವಾಜಿನಗರವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬೆಂಗಳೂರಿನ ರಸೆಲ್ ಮಾರುಕಟ್ಟೆ. ನಾವು ಅನ್ನ ದುಡಿಯುತ್ತಿರುವುದು ಪುಣೆಯ ಶಿವಾಜಿನಗರದಲ್ಲಿ, ಕೇಂದ್ರ ಸರ್ಕಾರದ ಕಚೇರಿಯೊಂದರ ಖರೀದಿ ವಿಭಾಗದಲ್ಲಿ. ಇಂಗ್ಲಿಷ್ ಸಾಹಿತ್ಯ ಓದಿ ಬಂದ ನಮ್ಮ ಮೇಜಿಗೆ ಒಮ್ಮೆ ಪ್ರಯೋಗಾಲಯದ ಬಿಳಿ ಕೋಟುಗಳ ಕಡತ ಬಂದಿತು. ವಿದ್ಯಾರ್ಥಿಗಳ ಬಾಯಲ್ಲಿ ಅದು ಏಪ್ರನ್.

ಬೇಡಿಕೆ ಪತ್ರದಲ್ಲಿದ್ದದ್ದು 'ಬಿಳಿ ಬಣ್ಣ, ಉದ್ದ ತೋಳು' ಎಂಬ ಎರಡೇ ಮಾತು. ಅಷ್ಟನ್ನೇ ಟೆಂಡರಿನಲ್ಲಿ ಬರೆದರೆ ಅತಿ ಕಡಿಮೆ ದರದವರಿಗೆ ಆದೇಶ; ಆ ದರಕ್ಕೆ ಸಿಗುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ಬೆರೆತ ಬಟ್ಟೆ. ಕಣ್ಣಿಗೆ ಎಲ್ಲವೂ ಬಿಳುಪೇ. ಬೆಂಕಿ ತಗುಲಿದಾಗ ಗುಣ ತಿಳಿಯುತ್ತದೆ. ಪಾಲಿಯೆಸ್ಟರ್ ಸುಮಾರು 250–260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ನೈಲಾನ್ ಸೀರೆಯುಟ್ಟು ಒಲೆಯ ಮುಂದೆ ಕೂರಬೇಡವೆಂದು ಹಿರಿಯರು ಗದರುತ್ತಿದ್ದುದು ಇದಕ್ಕಾಗಿಯೇ. ಹತ್ತಿ ಕರಗದು, ಆದರೆ ಹೊತ್ತಿ ಉರಿದೀತು.

2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿ ಷೆರಿ ಸಾಂಗ್‌ಜಿ, ಗಾಳಿ ಸೋಕಿದರೇ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಂ ದ್ರಾವಣವನ್ನು ಸಿರಿಂಜಿನಲ್ಲಿ ಸೆಳೆಯುತ್ತಿದ್ದರು. ಸಿರಿಂಜಿನ ದಂಡ ಕಳಚಿ ದ್ರವ ಚೆಲ್ಲಿತು. ಮೈಮೇಲೆ ಕೋಟಿರಲಿಲ್ಲ, ಇದ್ದದ್ದು ಕೃತಕ ನೂಲಿನ ಸ್ವೆಟರ್. 18 ದಿನಗಳ ಬಳಿಕ ಅವರು ತೀರಿಕೊಂಡರು. ಇದನ್ನು ಓದಿದ ಮೇಲೆ ಆ ಕಡತವನ್ನು ಬರಿಯ ಕಾಗದವೆಂದು ಸಹಿಮಾಡಿ ಕಳುಹಿಸಲು ನಮ್ಮಿಂದಾಗಲಿಲ್ಲ.

'ಫ್ಲೇಮ್ ರೆಸಿಸ್ಟೆಂಟ್' ಎಂದರೆ ಬೆಂಕಿಯೇ ತಾಗದ ಬಟ್ಟೆಯೆಂದಲ್ಲ. ಅದು ಸುಲಭವಾಗಿ ಹೊತ್ತಿಕೊಳ್ಳದು, ಜ್ವಾಲೆ ಸರಿದರೆ ತಾನಾಗಿ ಆರುತ್ತದೆ. ತಪ್ಪಿಸಿಕೊಳ್ಳಲು ಕೆಲವು ಕ್ಷಣಗಳನ್ನು ಕೊಡುತ್ತದೆ. ರಾಸಾಯನಿಕ ಸಂಸ್ಕಾರ ಪಡೆದ ಹತ್ತಿಗೆ ಈ ಗುಣ ಹೊರಗಿನಿಂದ ಬಂದದ್ದು. ಕ್ಲೋರಿನ್ ಬ್ಲೀಚಿನಲ್ಲಿ ಒಗೆದರೆ ಕುಂದೀತು. ನೋಮೆಕ್ಸ್‌ನಂಥ ಅರಾಮಿಡ್ ನೂಲಿಗೆ ಅದು ಹುಟ್ಟುಗುಣ, ಬೆಲೆಯೂ ಹೆಚ್ಚು.

ಎಲ್ಲರಿಗೂ ಅದೇ ಬೇಕಿಲ್ಲ. ಪ್ರಯೋಗಾಲಯದವರನ್ನು ಕರೆಸಿ, ಯಾರ ಮೇಜಿನ ಮೇಲೆ ಉರಿಯುವಂಥದ್ದು ಏನಿದೆಯೆಂದು ಕೇಳಿದೆವು. ಉಪ್ಪು, ನೀರಿನ ದ್ರಾವಣಗಳ ಕೆಲಸದವರಿಗೆ ಅಪ್ಪಟ ಹತ್ತಿ. ಗಾಳಿಗೇ ಹೊತ್ತಿಕೊಳ್ಳುವ ವಸ್ತು, ಹೆಚ್ಚು ಪ್ರಮಾಣದ ದ್ರಾವಕಗಳನ್ನು ಬಳಸುವವರಿಗೆ ಐಎಸ್‌ಒ 11612 ಮಾನಕದ ಕೋಟು ಎಂದು ಬರೆದೆವು. ದರವೇಕೆ ಏರಿತೆಂಬ ಆಕ್ಷೇಪಣೆ ಬಂದಿತು. ಬಟ್ಟೆ ಕರಗುವ ಬಗೆಯನ್ನೇ ಸಮಜಾಯಿಷಿಯಾಗಿ ಬರೆದು ಕಳುಹಿಸಿದೆವು.

ಓದುಗರಲ್ಲಿ ಹಲವರ ಮಕ್ಕಳು ಪರಊರಿನ ಲ್ಯಾಬುಗಳಲ್ಲಿರಬಹುದು. ಫೋನಿನಲ್ಲಿ ಊಟವಾಯಿತೇ ಎಂದು ಕೇಳಿದ ಮೇಲೆ, ಏಪ್ರನ್ನಿನ ಒಳಪಟ್ಟಿಯಲ್ಲಿ ಯಾವ ನೂಲಿನ ಹೆಸರಿದೆ, ಗುಂಡಿ ಹಾಕಿಕೊಳ್ಳುತ್ತೀಯಾ, ಅದರ ಒಳಗೆ ತೊಡುವುದು ಹತ್ತಿಯ ಬಟ್ಟೆಯೇ ಎಂದೂ ಕೇಳಿ.