ಕುಕ್ಕರ್, ಕಾಲರ್, ಚೆಂಡೆ

ಜೂನ್ 12, 2023, ಕಳಕ್ಕೂಟಂ, ತಿರುವನಂತಪುರಂ

ಬೆಳಗಿನಿಂದ ಮಳೆ. ಹನ್ನೊಂದು ಗಂಟೆಗೆ ಪ್ಲೇಸ್ಕೂಲಿನಿಂದ ಫೋನ್, ಬಂದು ಕರಕೊಂಡು ಹೋಗಿ ಎಂದು. ಟೆಕ್ನೋಪಾರ್ಕಿನ ಗೇಟಿನಲ್ಲಿ ಆಟೋ ಹಿಡಿದು ಓಡಿದೆ. ಮಗ ಅಂಗಿ ಬಿಚ್ಚಿ ಎಸೆದು ಬೆಂಚಿನ ಅಡಿಯಲ್ಲಿ ಕೂತಿದ್ದ, ಎರಡೂ ಕೈ ಕಿವಿಯ ಮೇಲೆ. ತೋಳಿನ ತುದಿ ಸ್ವಲ್ಪ ಒದ್ದೆಯಾಗಿತ್ತಂತೆ, ಅಷ್ಟೇ. ಟೀಚರ್ "ವಾಶಿ" ಅಂದರು. ನಾವು ಹಠ ಅನ್ನುವುದಕ್ಕೆ ಇಲ್ಲಿನ ಮಲಯಾಳಂ ಮಾತು ಅದು. ನಾನೂ ತಲೆ ಆಡಿಸಿ ಬಂದೆ. ಈಗ ಆ ತಲೆ ಆಡಿಸಿದ್ದೇ ಚುಚ್ಚುತ್ತಿದೆ.

ಹಠವಾದರೆ ಅವನಿಗೆ ಏನೋ ಬೇಕಿರಬೇಕಲ್ಲ. ಅವನಿಗೆ ಏನೂ ಬೇಕಿರಲಿಲ್ಲ. ಬಟ್ಟೆ ಮೈಯಿಂದ ದೂರ ಹೋದರೆ ಸಾಕಿತ್ತು.

ಜೂನ್ 18

ಅಮ್ಮ ಬದಿಯಡ್ಕದಿಂದ ಬಂದರು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ. ಬಂದ ಮಧ್ಯಾಹ್ನವೇ ಕುಕ್ಕರ್ ಕೂಗಿತು, ಇವನು ಬಾತ್‌ರೂಮಿಗೆ ಓಡಿ ಬಾಗಿಲು ಹಾಕಿಕೊಂಡ. ಅಮ್ಮ ಸಂಜೆ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ಬೇಡ ಅನ್ನಲಿಲ್ಲ.

ಆದರೆ ರಾತ್ರಿ ಅವರು ಮಾಡಿದ ಕೆಲಸ ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ಅಪ್ಪನ ಹಳೇ ಪಂಚೆ ಹರಿದು, ಕಾಲರಿಲ್ಲದ ಎರಡು ಅಂಗಿ ಕೈಯಲ್ಲೇ ಹೊಲಿದರು, ಹೊಲಿಗೆಯ ಅಂಚು ಹೊರಗೆ ಬರುವ ಹಾಗೆ. "ಹುಟ್ಟಿದ ಮಗುವಿಗೆ ನಾವು ಹೊಸ ಬಟ್ಟೆ ಹಾಕುದುಂಟಾ? ಹಳತೇ ಅಲ್ವಾ ಮೆತ್ತಗೆ? ಇವನಿಗೆ ಇನ್ನೂ ಸ್ವಲ್ಪ ದಿನ ಬೇಕು, ಅಷ್ಟೇ." ಮಗ ಅದನ್ನು ತೊಟ್ಟು ಮಲಗಿದ್ದಾನೆ.

"ಮೂರು ವರ್ಷಕ್ಕೆ ಎಲ್ಲ ಮಕ್ಕಳೂ ಹೀಗೆಯೇ ಮಾರಾಯ್ತಿ, ಸರಿಯಾಗ್ತದೆ" ಎಂದೂ ಹೇಳಿದರು. ಅದನ್ನು ಮಾತ್ರ ನಂಬಲೋ ಬೇಡವೋ ತಿಳಿಯುತ್ತಿಲ್ಲ.

ಜೂನ್ 25

ಇದನ್ನು ಬರೆಯದೆ ಇರಬಾರದು. ಇವತ್ತು ಕ್ಷೌರದಂಗಡಿಯಲ್ಲಿ ನಾನೇ ಅವನ ತಲೆ ಹಿಡಿದೆ. ನನ್ನ ಗಂಡ ಕಾಲು ಹಿಡಿದರು. ಮಷೀನಿನ ಶಬ್ದ ಕಿವಿಯ ಹತ್ತಿರ ಬಂದದ್ದೇ ಮೈಯೆಲ್ಲ ಬಿಗಿದು, ಕಿರುಚಿ, ವಾಂತಿ ಮಾಡಿಕೊಂಡ. ನಾಲ್ಕು ನಿಮಿಷ ಆಗಿರಬಹುದು. ಮನೆಗೆ ಬಂದು ಸಂಜೆಯವರೆಗೂ ನನ್ನ ಹತ್ತಿರ ಬರಲಿಲ್ಲ. ಅವನು ನೋವು ಎನ್ನುತ್ತಿದ್ದ, ನಾನು ಬಿಗಿಯಾಗಿ ಹಿಡಿಯುತ್ತಿದ್ದೆ. ಇನ್ನು ಹಿಡಿಯುವುದಿಲ್ಲ.

ಜುಲೈ 3

ನಾದಿನಿಗೆ ಫೋನ್ ಮಾಡಿದೆ. ಅವಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಅಳುತ್ತಾ ಎಲ್ಲ ಹೇಳಿದೆ. ಅವಳು ಕೇಳಿದ್ದು ಬೇರೆಯೇ. ಹೆಸರು ಕರೆದರೆ ತಿರುಗುತ್ತಾನಾ? ವಿಮಾನ ಹೋದರೆ ನಿನಗೆ ಬೆರಳು ತೋರಿಸಿ ನಿನ್ನ ಮುಖ ನೋಡುತ್ತಾನಾ? ಕಲಿತ ಮಾತು ಯಾವುದಾದರೂ ಬಿಟ್ಟುಹೋಗಿದೆಯಾ? ಶಬ್ದಕ್ಕೆ ಹೆದರುವ ಮಗುವಿಗೂ ಮೊದಲು ಕಿವಿ ಪರೀಕ್ಷೆ ಆಗಲೇಬೇಕು, ಆಕ್ಕುಳಂನಲ್ಲೂ ವಾಕ್ ಶ್ರವಣ ಸಂಸ್ಥೆ ನಿಷ್ ಇದೆಯಲ್ಲ, ಅಲ್ಲಿಗೆ ಹೋಗು ಅಂದಳು.

ರಾತ್ರಿ ಒಬ್ಬಳೇ ಕೂತು ಓದಿದ್ದು ತಪ್ಪಾಯಿತೇನೋ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಮೊದಲ ಲೇಖನದಲ್ಲೇ, ಆ ಮಕ್ಕಳು ಹೆದರುತ್ತಿದ್ದ ವಸ್ತುಗಳ ಪಟ್ಟಿ ಇದೆ: ಲಿಫ್ಟು, ವ್ಯಾಕ್ಯೂಮ್ ಕ್ಲೀನರ್, ಹರಿಯುವ ನೀರು, ಮೊಟ್ಟೆ ಕಡೆಯುವ ಯಂತ್ರ. ನಮ್ಮ ಮಿಕ್ಸಿ ನೆನಪಾಗಿ ಕೈ ತಣ್ಣಗಾಯಿತು. ಎರಡು ಗಂಟೆಯವರೆಗೂ ನಿದ್ದೆ ಬರಲಿಲ್ಲ.

ಜುಲೈ 11

ನಿಷ್‌ಗೆ ಹೋಗಿ ಬಂದೆವು. ಹೆಡ್‌ಫೋನ್ ಹಾಕಿಸಿಕೊಳ್ಳಲಿಲ್ಲ. ಒತ್ತಾಯ ಮಾಡಲಿಲ್ಲ ಅವರು, ಸ್ಪೀಕರಿನಲ್ಲೇ ಶಬ್ದ ಬಿಟ್ಟರು. ಶಬ್ದ ಕೇಳಿದಾಗೆಲ್ಲ ಒಂದು ಮರದ ಬಿಲ್ಲೆಯನ್ನು ಡಬ್ಬಿಗೆ ಹಾಕಬೇಕು. ನನಗೆ ಕೇಳಿತೋ ಇಲ್ಲವೋ ಎನ್ನುವಷ್ಟು ಸಣ್ಣ ಶಬ್ದಕ್ಕೂ ಹಾಕಿದ. ಕಿವಿ ಸರಿಯಿದೆ.

ಜುಲೈ 20

ಇವತ್ತು ನಗರದಲ್ಲಿ ಮಕ್ಕಳ ಬೆಳವಣಿಗೆಯ ಡಾಕ್ಟರ್ ನೋಡಿದರು. ಅವರ ಮೇಜಿನ ಮೇಲೆ ಒಂದೇ ಹಾಳೆ, ಮಕ್ಕಳ ಬೆಳವಣಿಗೆ ನೋಡುವ ಪಟ್ಟಿ, ಟಿ.ಡಿ.ಎಸ್.ಸಿ. ಎಂದು. ಇದೇ ಊರಿನ ಮೆಡಿಕಲ್ ಕಾಲೇಜಿನ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಅವರ ಜೊತೆಯವರು ಮಾಡಿದ್ದಂತೆ. ಮೊದಲು ಎರಡು ವರ್ಷದವರೆಗಿನ ಮಕ್ಕಳಿಗೆ 17 ಅಂಶ, ಆಮೇಲೆ ಆರು ವರ್ಷದವರೆಗೆ ಬೆಳೆಸಿದರು. ಅಡಿಯಲ್ಲಿ ತಿಂಗಳುಗಳು, ಒಂದೊಂದು ಕೆಲಸಕ್ಕೆ ಒಂದೊಂದು ಅಡ್ಡಪಟ್ಟಿ. ಪಟ್ಟಿಯ ಎಡತುದಿಯಲ್ಲಿ ನೂರಕ್ಕೆ 3 ಮಕ್ಕಳು, ಬಲತುದಿಗೆ ಬರುವಾಗ 97 ಮಕ್ಕಳು ಅದನ್ನು ಮಾಡುತ್ತಾರೆ. ಡಾಕ್ಟರ್ 38 ತಿಂಗಳ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ಇಟ್ಟರು. ಪೆನ್ಸಿಲಿನ ಎಡಕ್ಕೆ ಪೂರ್ತಿ ಮುಗಿದಿರುವ ಪಟ್ಟಿಗಳಲ್ಲಿ ಯಾವುದಾದರೂ ಮಗುವಿಗೆ ಬಾರದಿದ್ದರೆ ತಡವಾಗಿದೆ ಎಂದು ಅರ್ಥ. ಅಂಗನವಾಡಿಯಲ್ಲೂ ಬಳಸಬಹುದಾದಷ್ಟು ಸರಳ. ಇವನಿಗೆ ಒಂದೂ ಬಾಕಿ ಇರಲಿಲ್ಲ.

ಆಮೇಲೆ ಸುಮಾರು ಹೊತ್ತು ನೆಲದಲ್ಲಿ ಕೂತು ಅವನ ಜೊತೆ ಆಡಿದರು. ಅವನು ಕಾರನ್ನು ತಂದು ನನಗೆ ತೋರಿಸಿದ, ಡಾಕ್ಟರಿಗೆ ಸುಳ್ಳುಸುಳ್ಳೇ ಚಾಯ ಕುಡಿಸಿದ. ಆಟಿಸಂ ಎನ್ನುವುದಕ್ಕೆ ತಮಗೆ ಕಾರಣ ಕಾಣುವುದಿಲ್ಲ, ಆದರೂ ನಾಲ್ಕು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಶಬ್ದ, ಸ್ಪರ್ಶ, ರುಚಿಗೆ ಹೀಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನು 2013ರಿಂದ ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಸೇರಿಸಿದ್ದಾರೆ, ನಿಜ. ಆದರೆ ಅದೊಂದೇ ಇದ್ದರೆ ಆಟಿಸಂ ಅಲ್ಲ. ಬೇರೇನೂ ತೊಂದರೆ ಇಲ್ಲದ ಮಕ್ಕಳಲ್ಲೂ ಇದು ಇರುತ್ತದೆ.

ಹಾಗಾದರೆ ಯಾವಾಗ ಹೆದರಬೇಕು ಎಂದು ಕೇಳಿದೆ. ಅವರು ಪ್ರಶ್ನೆಯನ್ನೇ ತಿದ್ದಿದರು. ಹೆದರುವುದು ಬೇಡ, ಬರುವುದು ಯಾವಾಗ ಎಂದು ಕೇಳಿ. ತಿನ್ನುವ ಪದಾರ್ಥಗಳು ತಿಂಗಳು ತಿಂಗಳಿಗೆ ಕಡಿಮೆಯಾಗುತ್ತಾ ತೂಕ ನಿಂತರೆ ಬನ್ನಿ. ನಿದ್ದೆ ಹಾಳಾದರೆ, ಬೇರೆ ಮಕ್ಕಳು ಇರುವಲ್ಲಿಗೇ ಹೋಗದಾದರೆ, ತಲೆ ಗೋಡೆಗೆ ಬಡಿದುಕೊಂಡರೆ, ಬಿದ್ದು ರಕ್ತ ಬಂದರೂ ಗೊತ್ತಾಗದಿದ್ದರೆ ಬನ್ನಿ. ಮಣ್ಣು, ಕಾಗದ ತಿನ್ನುತ್ತಿದ್ದರೆ ರಕ್ತಪರೀಕ್ಷೆಗೆ ಬನ್ನಿ, ಕಬ್ಬಿಣದ ಅಂಶ ಕಡಿಮೆ ಇರಬಹುದು. ಆಡುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತರೂ ಅದೇ ವಾರ ಬನ್ನಿ. ಶಬ್ದ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಆ ಶಬ್ದದಿಂದ ಮಗು ಏನೇನು ಬಿಟ್ಟುಕೊಡುತ್ತಿದೆ ಎನ್ನುವುದನ್ನು ಬರೆದಿಡಿ.

ಅಂಗಿಯ ವಿಷಯ ಹೇಳಿದೆ. ಹಠದ ಅಳು ಬೇಕಾದ್ದು ಸಿಕ್ಕಿದ ಕೂಡಲೇ ನಿಲ್ಲುತ್ತದೆ, ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ. ಈ ಅಳು ಏನು ಕೊಟ್ಟರೂ ನಿಲ್ಲುವುದಿಲ್ಲ, ತಾನಾಗಿ ದಣಿದು ನಿಲ್ಲಬೇಕು ಎಂದರು. ಬೆಂಚಿನ ಅಡಿ ಕೂತಿದ್ದವನ ಮುಖ ಕಣ್ಣೆದುರು ಬಂತು. ಕಿಟಕಿಯ ಕಡೆ ತಿರುಗಿಕೊಂಡೆ.

ಪಕ್ಕದ ಮನೆಯವರು ಕನ್ನಡ ನಿಲ್ಲಿಸಿ ಎಂದಿದ್ದರು, ಮೂರು ಭಾಷೆ ಸೇರಿ ಹೀಗಾಗಿದೆ ಎಂದು. ಡಾಕ್ಟರ್ ಖಡಾಖಂಡಿತವಾಗಿ ಬೇಡ ಅಂದರು. ಮಗುವಿಗೆ ಎಷ್ಟು ಮಾತು ಬರುತ್ತದೆ ಎಂದು ನೋಡುವಾಗ ಎಲ್ಲ ಭಾಷೆಯ ಮಾತುಗಳನ್ನೂ ಸೇರಿಸಿ ಎಣಿಸಬೇಕಂತೆ. ಎಷ್ಟು ಸಮಾಧಾನವಾಯಿತೆಂದರೆ ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅವನಿಗೆ ಕನ್ನಡದಲ್ಲಿ ಮರ, ಬಸ್ಸು, ಸೇತುವೆ ತೋರಿಸುತ್ತಾ ಬಂದೆ.

ಆಗಸ್ಟ್ 6

ಆಕ್ಯುಪೇಶನಲ್ ಥೆರಪಿಗೆ ಮೂರು ಸಲ ಆಯಿತು. ಇದಕ್ಕೆ ಮೊದಲು ಒಂದು ಕಡೆ ವಿಚಾರಿಸಿದಾಗ ಮಗುವಿನ ಮುಖವನ್ನೂ ನೋಡದೆ ರೋಗದ ಹೆಸರು ಹೇಳಿ, ಆರು ತಿಂಗಳ ಹಣ ಮುಂಗಡ ಕಟ್ಟಲು ಹೇಳಿದ್ದರು. ಎದ್ದು ಬಂದೆವು. ಈಗ ಮಾಡಿಸುತ್ತಿರುವ ಥೆರಪಿ ಜೀನ್ ಏಯರ್ಸ್ ಎಂಬ ಅಮೆರಿಕದ ಥೆರಪಿಸ್ಟ್ 1972ರ ತಮ್ಮ ಪುಸ್ತಕದಲ್ಲಿ ವಿವರಿಸಿದ ವಿಧಾನ. ಅಲ್ಲಿನ ಮಕ್ಕಳ ವೈದ್ಯರ ಸಂಘ 2012ರಲ್ಲಿ, ಈ ಸಂವೇದನೆಯ ತೊಂದರೆಯನ್ನೇ ಒಂದು ಪ್ರತ್ಯೇಕ ರೋಗವೆಂದು ಹೆಸರಿಸಬೇಡಿ, ಥೆರಪಿಗೆ ಸಿಕ್ಕಿರುವ ಪುರಾವೆ ಕಡಿಮೆ, ಗುರಿ ಇಟ್ಟುಕೊಂಡು ಫಲ ಸಿಗುತ್ತಿದೆಯೇ ನೋಡಿ ಎಂದು ಹೇಳಿತ್ತು. ಈಗಿನ ಥೆರಪಿಸ್ಟ್ ಅದನ್ನು ಅವರಾಗಿಯೇ ಹೇಳಿದರು. ಅದಕ್ಕೇ ನಂಬಿಕೆ ಬಂತು.

ನಮ್ಮ ಗುರಿ ಮೂರೇ: ಯೂನಿಫಾರ್ಮ್, ಕುಕ್ಕರ್, ಒಂದು ಹೊಸ ತಿಂಡಿ. ಥೆರಪಿಸ್ಟ್ ಹೇಳಿದಂತೆ ಶಾಲೆಗೆ ಹೊರಡುವ ಮೊದಲು ಅರ್ಧ ಬಕೆಟ್ ನೀರು ಎತ್ತಿಕೊಂಡು ಹೋಗಿ ತುಳಸಿಗೆ ಹಾಕುತ್ತಾನೆ. ಸ್ನಾನ ಆದ ಮೇಲೆ ಒರಸುವುದಿಲ್ಲ, ಬೈರಾಸಿನಲ್ಲಿ ಸುತ್ತಿ ಗಟ್ಟಿಯಾಗಿ ಒತ್ತುತ್ತೇನೆ. ಕುಕ್ಕರ್ ಕೂಗುವ ಮುಂಚೆ ಕರೆದು ಹೇಳುತ್ತೇನೆ, ಬೇಕಾದರೆ ಸ್ಟೌ ಅವನೇ ಆರಿಸಬಹುದು, ನನ್ನ ಸೊಂಟದ ಮೇಲೆ ಕೂತು. ಕಿವಿಗೆ ಮುಚ್ಚುವ ಇಯರ್‌ಮಫ್ ಗದ್ದಲದ ಜಾಗಕ್ಕೆ ಮಾತ್ರ. ದಿನವಿಡೀ ಹಾಕಿದರೆ ಸಣ್ಣ ಶಬ್ದವೂ ದೊಡ್ಡದಾಗುತ್ತಾ ಹೋಗಬಹುದಂತೆ.

ಅಮ್ಮ ಊರಿಗೆ ಹೋಗುವ ಮುಂಚೆ ಇನ್ನೂ ನಾಲ್ಕು ಅಂಗಿ ಹೊಲಿದಿಟ್ಟರು. ಯೂನಿಫಾರ್ಮಿನ ಒಳಗೆ ಅದನ್ನೇ ಹಾಕುತ್ತಿದ್ದೇನೆ. ಟೀಚರಿಗೆ ಎಲ್ಲ ವಿವರಿಸಿದೆ. ಅವರು ಬ್ಯಾಗಿನಲ್ಲಿ ಇನ್ನೊಂದು ಒಣ ಅಂಗಿ ಇಟ್ಟಿರಿ ಅಂದರು. ವಾಶಿ ಎನ್ನಲಿಲ್ಲ.

ಆಗಸ್ಟ್ 29, ತಿರುವೋಣಂ

ಫ್ಲ್ಯಾಟಿನ ಅಂಗಳದಲ್ಲಿ ಹತ್ತು ಗಂಟೆಗೆ ಚೆಂಡೆ, ಮಾವೇಲಿಯ, ಅಂದರೆ ಬಲಿ ಚಕ್ರವರ್ತಿಯ ವೇಷ. ನಿನ್ನೆಯಿಂದಲೇ ಅವನಿಗೆ ಹೇಳುತ್ತಿದ್ದೆ. ಕೆಳಗಿಳಿದೆವು. ಹೂವಿನ ರಂಗೋಲಿ ಪೂಕ್ಕಳದ ಹತ್ತಿರ ನಿಂತು ಹೂ ಮುಟ್ಟಿ ನೋಡಿದ. ಮೊದಲ ಪೆಟ್ಟಿಗೇ ನನ್ನ ಸೀರೆ ಹಿಡಿದ. ಕಿರುಚಲಿಲ್ಲ. ನನ್ನ ಮುಖ ನೋಡಿ, "ಅಮ್ಮ, ಗಟ್ಟಿ ಶಬ್ದ. ಮೇಲೆ ಹೋಪ" ಅಂದ.

ಎತ್ತಿಕೊಂಡು ಮೂರನೇ ಮಹಡಿಗೆ ಬಂದೆ. ಕಿಟಕಿಯ ಗಾಜು ಮುಚ್ಚಿ, ಅಲ್ಲಿಂದ ಕೊನೆಯವರೆಗೂ ನೋಡಿದ. ಒಮ್ಮೆ ಗಾಜನ್ನು ಒಂದು ಬೆರಳಿನಷ್ಟು ಸರಿಸಿ, ಕೇಳಿ, ಮತ್ತೆ ಮುಚ್ಚಿದ. ಓಣಂ ಹಬ್ಬದೂಟದಲ್ಲಿ ಅವನು ತಿಂದದ್ದು ಅನ್ನ, ಹಪ್ಪಳ, ಬಾಳೆಹಣ್ಣು. ಬೆಲ್ಲ ಹಚ್ಚಿದ ಬಾಳೆಕಾಯಿ ಶರ್ಕರ ಉಪ್ಪೇರಿ ನಾಲಿಗೆಗೆ ತಾಗಿಸಿ ವಾಪಸು ಇಟ್ಟ. ಅದನ್ನೂ ಬರೆದುಕೊಂಡೆ.

ನವೆಂಬರಿನಲ್ಲಿ ಡಾಕ್ಟರಿಗೆ ಹೇಳಬೇಕಾದ್ದು: ಬಾಚಣಿಗೆ ಇನ್ನೂ ಆಗುವುದಿಲ್ಲ. ಉಗುರು ನಿದ್ದೆಯಲ್ಲೇ ಕತ್ತರಿಸುತ್ತಿದ್ದೇನೆ. ಕೂದಲು ಕಿವಿ ಮುಚ್ಚಿದೆ, ಮುಚ್ಚಿರಲಿ.