ಅಗರಖೇಡದ ಕಟ್ಟೆಯಲ್ಲಿ ಹೊಸ ವಸ್ತಾದನ ಮಾತು

ಇಂಡಿಯನ್ನು ಬಿಟ್ಟು ಭೀಮಾನದಿಯ ಕಡೆಗೆ ಸಾಗುವ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವವು ಲಿಂಬೆಯ ತೋಟಗಳು. ಇಂಡಿಯ ಲಿಂಬೆಗೆ ದೂರದೂರದ ಪೇಟೆಗಳಲ್ಲಿ ಹೆಸರಿದೆ; ಭೌಗೋಳಿಕ ಸೂಚಿಕೆಯ ಮನ್ನಣೆಯೂ ಈಚೆಗೆ ದೊರೆತಿದೆ. ನದಿ ಸಮೀಪಿಸಿದಂತೆಲ್ಲ ಲಿಂಬೆ ಹಿಂದುಳಿದು, ಎರೆಯ ಕಪ್ಪು ನೆಲವೂ ಜೋಳ, ತೊಗರಿ, ಕಬ್ಬಿನ ಹೊಲಗಳೂ ಮುಂದೆ ಬರುತ್ತವೆ. ಆ ದಂಡೆಯ ಮೇಲಿನ ಊರು ಅಗರಖೇಡ. ‘ಅಗರ’ವೆಂದರೆ ಅಗ್ರಹಾರ, ‘ಖೇಡ’ವೆಂದರೆ ಹಳ್ಳಿ. ಮೊದಲನೆಯದು ಕನ್ನಡದ ಬಾಯಿಯಲ್ಲಿ ಸವೆದ ಸಂಸ್ಕೃತ, ಎರಡನೆಯದು ಮರಾಠಿ ನೆರೆಯಲ್ಲಿ ಹೆಚ್ಚಾಗಿ ಕೇಳುವ ಮಾತು. ಮಹಾರಾಷ್ಟ್ರದ ಗಡಿ ಇಲ್ಲಿಗೆ ಹತ್ತಿರ ಎಂಬುದನ್ನು ಊರಿನ ಹೆಸರೇ ಸಾರುತ್ತದೆ.

ದೂರದ ಲೆಕ್ಕದಲ್ಲಿ ಈ ಊರಿಗೆ ಸೊಲ್ಲಾಪುರವು ನೆರೆಮನೆ, ಪುಣೆಯು ನೆಂಟರ ಮನೆ. ರಾಜಧಾನಿ ಬೆಂಗಳೂರೋ ಐದುನೂರು ಕಿಲೋಮೀಟರುಗಳಿಗೂ ಆಚೆಗಿದೆ. 1956ರ ನವೆಂಬರ್ ಒಂದರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹೀಗಾಗಿ ಕಬಡ್ಡಿಯನ್ನು ಹಳಬರು ಮರಾಠಿ ನಾಡಿನವರಂತೆಯೇ ‘ಹುತುತು’ ಎಂದರು. ಹೆಸರು ಬದಲಾದರೂ ಆಟ ಅದೇ. ಎದುರಾಳಿಯ ಅಂಗಳಕ್ಕೆ ಒಬ್ಬನೇ ನುಗ್ಗಬೇಕು, ಉಸಿರು ಕಡಿಯದಂತೆ ಮುಟ್ಟಿ ಮರಳಬೇಕು. ಇದಕ್ಕೆ ಬೇಕಾದದ್ದು ಒಂದಿಷ್ಟು ಮೆತ್ತನೆಯ ಮಣ್ಣು, ಒಂದು ಹಿಡಿ ಸುಣ್ಣ, ಅಷ್ಟೆ. ಭೀಮಾತೀರದಲ್ಲಿ ಮಣ್ಣಿಗೆ ಎಂದೂ ಬರವಿಲ್ಲ.

ಆದುದರಿಂದ, 2024ರ ಡಿಸೆಂಬರಿನ ಕೊನೆಯಲ್ಲಿ ಈ ಸೀಮೆಯ ಚಹದ ಅಂಗಡಿಗಳಲ್ಲಿಯೂ ಗುಡಿಯ ಕಟ್ಟೆಗಳ ಮೇಲೆಯೂ ‘ಬೆಂಗಳೂರು ಬುಲ್ಸ್’ ಕಬಡ್ಡಿ ತಂಡಕ್ಕೆ ಮುಂದಿನ ತರಬೇತುದಾರ ಯಾರು ಎಂಬ ಚರ್ಚೆ ಎದ್ದುದರಲ್ಲಿ ಆಶ್ಚರ್ಯವಿಲ್ಲ. ಪ್ರೊ ಕಬಡ್ಡಿಯ ಹನ್ನೊಂದನೆಯ ಆವೃತ್ತಿ ಆಗ ಮುಗಿಯುತ್ತ ಬಂದಿತ್ತು. 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದ ಬುಲ್ಸ್, ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ನಿಂತಿತು. ದಾಳಿಯಲ್ಲಿ ಹೆಸರಾಂತ ಪ್ರದೀಪ್ ನರ್ವಾಲರನ್ನೇ ನಾಯಕನನ್ನಾಗಿ ತಂದುಕೊಂಡಿದ್ದರೂ ಅದರ ಗತಿ ಇಷ್ಟಾಗಿತ್ತು.

ತಂಡದ ತರಬೇತುದಾರ ರಣಧೀರ್ ಸಿಂಗ್ ಸೆಹ್ರಾವತ್ ಹರಿಯಾಣ ಕಡೆಯವರು. 2014ರಲ್ಲಿ ಲೀಗು ಹುಟ್ಟಿದ ದಿನದಿಂದ ಹನ್ನೊಂದೂ ಆವೃತ್ತಿಗಳಲ್ಲಿ ಅದೇ ತಂಡದ ಬೆಂಚಿನ ಮೇಲೆ ಕುಳಿತವರು. ಉಳಿದ ತಂಡಗಳು ಎರಡು ಮೂರು ವರ್ಷಕ್ಕೊಮ್ಮೆ ತರಬೇತುದಾರರನ್ನು ಬದಲಾಯಿಸುತ್ತ ಬಂದುದನ್ನು ನೆನೆದರೆ ಇದು ವಿಶೇಷವೇ ಸರಿ. 2015ರಲ್ಲಿ ತಂಡ ಅಂತಿಮ ಪಂದ್ಯಕ್ಕೆ ಹೋಗಿ ಯು ಮುಂಬಾಕ್ಕೆ ಸೋತಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತನ್ನು 38-33ರಿಂದ ಮಣಿಸಿ ಪ್ರಶಸ್ತಿ ಪಡೆಯಿತು. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ ಗಳಿಸಿದ 22 ಅಂಕಗಳನ್ನು ಕಬಡ್ಡಿಯ ಹುಚ್ಚಿರುವ ಹಳ್ಳಿಯ ಹುಡುಗರು ಶಾಲೆಯ ಮಗ್ಗಿಗಿಂತ ಚೆನ್ನಾಗಿ ಬಲ್ಲರು.

ಇಂಥ ವ್ಯಕ್ತಿಯನ್ನು ಬಿಡಿಸುವ ಮಾತು ಬಂದಾಗ ಕಟ್ಟೆಯ ಮೇಲೆ ಸಹಜವಾಗಿಯೇ ಎರಡು ಪಕ್ಷಗಳಾದವು.

ಪಟ್ಟಣದ ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಸೀಮೆಯಲ್ಲಿ ತರಬೇತುದಾರನೆಂಬ ಕಲ್ಪನೆ ಹೊಸದಲ್ಲ. ಗರಡಿಮನೆಯ ವಸ್ತಾದನೇ ಅದರ ಮೂಲ. ವಸ್ತಾದನಿಗೆ ಕರಾರುಪತ್ರವಿಲ್ಲ, ಅವಧಿಯಿಲ್ಲ. ಗರಡಿಯ ಕೆಂಪು ಮಣ್ಣನ್ನು ಹದಮಾಡುವುದರಿಂದ ಹಿಡಿದು ಹುಡುಗನ ಊಟ, ನಿದ್ದೆ, ನಡತೆಗಳವರೆಗೆ ಎಲ್ಲವೂ ಅವನ ಹೊಣೆ. ಜಾತ್ರೆಯ ಕುಸ್ತಿಯಲ್ಲಿ ಶಿಷ್ಯ ಚಿತ್ತಾದರೆ ತಲೆ ತಗ್ಗಿಸುವವನು ವಸ್ತಾದ. ಆದರೆ ಆ ಕಾರಣಕ್ಕೆ ಯಾರೂ ಅವನನ್ನು ಬದಲಾಯಿಸುವುದಿಲ್ಲ. ಈ ರೂಢಿಯಲ್ಲಿ ಬೆಳೆದ ಮುದುಕರಿಗೂ ಟೀವಿಯ ಲೀಗು ನೋಡಿ ಬೆಳೆದ ಹುಡುಗರಿಗೂ ನಡೆಯುವ ವಾದ ಏನಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

“ಹನ್ನೊಂದ ಸಲ ಅವನೊಬ್ಬನ ವಸ್ತಾದ ಅಂದ್ರ ಹ್ಯಾಂಗ, ಮುತ್ಯಾ? ಹೊಸಬರಿಗೆ ಜಾಗಾ ಬ್ಯಾಡೇನು?”

“ವಸ್ತಾದನ್ನ ಬಿಡಸೂದಂದ್ರ ಆಳ ಬಿಡಸಿಧಂಗ ತಿಳದಿಯೇನೊ ತಮ್ಮಾ?”

ಮುತ್ಯಾನ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಲೀಗಿನ ತರಬೇತುದಾರನ ಕೆಲಸವು ಗರಡಿಯದಕ್ಕಿಂತ ಬೇರೆ. ಅಲ್ಲಿ ಶಿಷ್ಯರು ಹುಟ್ಟುವುದಿಲ್ಲ, ಹರಾಜಿನಲ್ಲಿ ಬರುತ್ತಾರೆ. ಯಾರಿಗೆ ಎಷ್ಟು ಲಕ್ಷ ಕೂಗಬೇಕು, ಯಾರನ್ನು ಕೈಬಿಡಬೇಕು ಎಂಬ ತೀರ್ಮಾನದಲ್ಲಿ ಅರ್ಧ ಪಂದ್ಯ ಆಡಿಯೇ ಹೋಗಿರುತ್ತದೆ. ಉಳಿದರ್ಧ ನಲವತ್ತು ನಿಮಿಷಗಳ ಆಟದಲ್ಲಿ. ಎರಡು ದಾಳಿಗಳು ಅಂಕವಿಲ್ಲದೆ ಮರಳಿದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ದಾಳಿಗಾರ ಹೊರಬೀಳಬೇಕು. ಆ ಮಾಡು-ಇಲ್ಲವೆ-ಮಡಿ ದಾಳಿಗೆ ಯಾರನ್ನು ಕಳಿಸುವುದು? ಅಂಗಳದಲ್ಲಿ ಮೂವರೇ ಉಳಿದಾಗ ಎದುರಾಳಿಯನ್ನು ಹಿಡಿದರೆ ಎರಡಂಕ. ಹಿಡಿಯಲು ಹೋಗಿ ತಪ್ಪಿದರೆ ತಂಡವೇ ಖಾಲಿಯಾದೀತು. ಹಿಡಿಯಬೇಕೆ, ಮೂವತ್ತು ಸೆಕೆಂಡು ಕಾದು ಬಿಡಬೇಕೆ? ಇವೆಲ್ಲ ಅಂಗಳದ ಅಂಚಿನಲ್ಲಿ ಕುಳಿತವನು ಕಣ್ಸನ್ನೆಯಲ್ಲಿ ಹೇಳಬೇಕಾದ ಉತ್ತರಗಳು.

ಅಂತಿಮ ಪಂದ್ಯ ಪುಣೆಯಲ್ಲಿ ಡಿಸೆಂಬರ್ 29ರಂದು ನಡೆಯಿತು. ಹರಿಯಾಣ ಸ್ಟೀಲರ್ಸ್ ತಂಡ ಪಾಟ್ನಾವನ್ನು ಸೋಲಿಸಿತು. ಮರುದಿನವೇ ಎಳ್ಳಮಾವಾಸ್ಯೆ. ವಿಜಯಪುರ ಸೀಮೆಯಲ್ಲಿ ಅಂದು ಊರು ಊರಲ್ಲಿ ಇರುವುದಿಲ್ಲ. ಸಜ್ಜಿಯ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಭರ್ತ ಮೊದಲಾದವನ್ನು ಗಂಟು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಫಲ ಹೊತ್ತ ಭೂಮಿತಾಯಿಗೆ ಚರಗ ಚೆಲ್ಲಿ, ಬೆಳೆಯ ನಡುವೆಯೇ ಕುಳಿತು ಉಣ್ಣುತ್ತಾರೆ. ಹಿಂದಿನ ರಾತ್ರಿಯ ಆಟ ಮರುದಿನದ ಊಟದ ಪಂಕ್ತಿಗೆ ಬಾರದಿರುವುದುಂಟೆ! ಗೆದ್ದ ಹರಿಯಾಣದ ತರಬೇತುದಾರ ಮನ್‌ಪ್ರೀತ್ ಸಿಂಗ್ ಬಹಳ ಜನರ ಆಯ್ಕೆ. ಆದರೆ 2019ರಲ್ಲಿ ಬುಲ್ಸ್ ಎದುರು ಸೋತ ಗುಜರಾತಿನ ತರಬೇತುದಾರನೂ ಅವರೇ ಎಂಬುದನ್ನು ನೆನಪಿಟ್ಟವರು ಕೆಲವರೇ. ಗೆದ್ದವನನ್ನು ಗೆದ್ದವರು ಬಿಟ್ಟುಕೊಡುವರೆ ಎಂಬ ಪ್ರಶ್ನೆ ಬೇರೆ.

ಆಗ ಬರುವ ಹೆಸರೇ ಬಿ. ಸಿ. ರಮೇಶ ಅವರದು.

ಇವರು ಕನ್ನಡಿಗರು; 2001ರ ಅರ್ಜುನ ಪ್ರಶಸ್ತಿ ಪಡೆದ ಆಟಗಾರರು. 2000ದಲ್ಲಿ ಅದೇ ಪ್ರಶಸ್ತಿ ಪಡೆದ ಸಿ. ಹೊನ್ನಪ್ಪನವರೂ ಕರ್ನಾಟಕದವರೇ. ಬುಲ್ಸ್ ಪ್ರಶಸ್ತಿ ಗೆದ್ದ ವರ್ಷ ರಮೇಶ ಅವರು ರಣಧೀರರ ಕೈಕೆಳಗೆ ಸಹಾಯಕ ತರಬೇತುದಾರರಾಗಿದ್ದರು. ಅಲ್ಲಿಂದ ಬಂಗಾಳ ತಂಡದ ಮುಖ್ಯಸ್ಥರಾಗಿ ಹೋಗಿ 2019ರ ಅಕ್ಟೋಬರಿನಲ್ಲಿ ಅದಕ್ಕೆ ಮೊದಲ ಪ್ರಶಸ್ತಿ ತಂದುಕೊಟ್ಟರು. ಮುಂದೆ ಪುಣೆಗೆ ಹೋದರು. 2022ರಲ್ಲಿ ಅದು ಅಂತಿಮದಲ್ಲಿ ಸೋತಿತು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು ಸೋಲಿಸಿ ಗೆದ್ದಿತು. ಮೂರು ತಂಡಗಳ ಮೂರು ಗೆಲುವಿನಲ್ಲಿಯೂ ಪಾಲಿದ್ದ ಈ ಕನ್ನಡಿಗ, ಬೆಂಗಳೂರಿನ ಮುಖ್ಯ ಪೀಠಕ್ಕೆ ಮಾತ್ರ ಅದುವರೆಗೆ ಹೊರಗಿನವರೇ ಆಗಿದ್ದರು.

ಭೀಮಾತೀರದವರಿಗೆ ಇದು ವಿಚಿತ್ರವಾದ ಇಕ್ಕಟ್ಟು. ನೆರೆಯ ಪುಣೆಯ ತಂಡವನ್ನು ತಮ್ಮ ಭಾಷೆಯವನು ಗೆಲ್ಲಿಸಿದ; ತಮ್ಮ ಭಾಷೆಯ ರಾಜಧಾನಿಯ ತಂಡವನ್ನು ಪರಭಾಷೆಯವನು ನಡೆಸಿದ. ಯಾರಿಗೆ ಚಪ್ಪಾಳೆ ತಟ್ಟಬೇಕು? ಬೆಂಗಳೂರಿನ ಹೆಸರು ಹೊತ್ತ ತಂಡವು ತನ್ನ ಊರಿನಲ್ಲಿ ಆಡುವುದೂ ಅಪರೂಪ. ಹನ್ನೊಂದನೆಯ ಆವೃತ್ತಿಯ ಪಂದ್ಯಗಳೆಲ್ಲ ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿಯೇ ನಡೆದವು. ತಂಡದಲ್ಲಿ ಕನ್ನಡದ ಹುಡುಗರೂ ವಿರಳ. ಹೀಗಿರುವಾಗ ಗಡಿಯಂಚಿನ ಹಳ್ಳಿಯವನೊಬ್ಬ ಅದನ್ನು ‘ನಮ್ಮ ತಂಡ’ ಎನ್ನುವುದು ಹೆಸರಿನ ಮೇಲಿನ ಮಮತೆಯಿಂದಲ್ಲದೆ ಬೇರಾವುದರಿಂದಲೂ ಅಲ್ಲ. ಕನ್ನಡದ ವಸ್ತಾದ ಬಂದರೆ ತಮ್ಮ ಕಡೆಯ ಹುಡುಗರತ್ತ ಒಮ್ಮೆಯಾದರೂ ಕಣ್ಣು ಹಾಯಿಸಿಯಾನು ಎಂಬ ಆಸೆಯೇ ಈ ಚರ್ಚೆಯ ನಿಜವಾದ ಒಡಲು. ಮಿಕ್ಕದ್ದೆಲ್ಲ ಅಂಕಗಳ ಮಾತು.

ಆದರೆ ನಿರ್ಣಯ ಮಾಡುವವರು ಅಗರಖೇಡವನ್ನು ಕೇಳುವವರಲ್ಲ. ಇದು ಇಲ್ಲಿಯವರಿಗೆ ಹೊಸ ಅನುಭವವೂ ಅಲ್ಲ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ನದಿ ಪಂಢರಪುರವನ್ನು ದಾಟಿ ಇತ್ತ ಬರುತ್ತದೆ. ಅದರ ಬೀಗದ ಕೈ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿದೆ. ಮಳೆಗಾಲದಲ್ಲಿ ಅಲ್ಲಿಂದ ಎಷ್ಟು ನೀರು ಬಿಟ್ಟರು, ಎಂದು ತಲುಪೀತು ಎಂಬ ಊಹೆಯಲ್ಲಿಯೇ ನದಿತೀರದ ಹಳ್ಳಿಗಳು ರಾತ್ರಿ ಕಳೆಯುತ್ತವೆ. ಬೇಸಗೆಯಲ್ಲಿ, ಬಿಡುವರೋ ಇಲ್ಲವೋ ಎಂಬ ಊಹೆಯಲ್ಲಿ ಹಗಲು. ಮೇಲಿನವರ ಮನಸ್ಸನ್ನು ಕೆಳಗೆ ಕುಳಿತು ಲೆಕ್ಕ ಹಾಕುವ ವಿದ್ಯೆಯಲ್ಲಿ ಇವರು ನುರಿತವರು. ತರಬೇತುದಾರನ ವಿಷಯದಲ್ಲಿ ಇವರ ಊಹೆ ಪತ್ರಿಕೆಗಳ ಪಂಡಿತರ ಊಹೆಗಿಂತ ಕೀಳಾಗಿತ್ತೆಂದು ಹೇಳುವಂತಿಲ್ಲ.

2025ರಲ್ಲಿ ಸುದ್ದಿ ಬಂದೇ ಬಂದಿತು. ರಣಧೀರರು ಹೋದರು, ರಮೇಶರು ಬಂದರು. ಅವರು ಬಿಟ್ಟ ಪುಣೆಗೆ ಹಿಂದಿನ ಭಾರತ ನಾಯಕ ಅಜಯ್ ಠಾಕೂರ್ ತರಬೇತುದಾರರಾದರು. ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಹನ್ನೆರಡನೆಯ ಆವೃತ್ತಿ ಆರಂಭವಾದಾಗ, ವಿಧಿಯ ವಿನೋದವೆಂಬಂತೆ, ಬುಲ್ಸ್ ತಂಡದ ಮೊದಲ ಎದುರಾಳಿಯೇ ಪುಣೆ! ಪಂದ್ಯ ಸಮವಾಗಿ, ಸಮ ಬಿಡಿಸುವ ದಾಳಿಗಳಲ್ಲಿ ಪುಣೆ ಗೆದ್ದಿತು. ಎರಡನೆಯ ಪಂದ್ಯವೂ ಸೋಲು, ಮೂರನೆಯದೂ ಸೋಲು. ಡಿಸೆಂಬರಿನಲ್ಲಿ ವಸ್ತಾದನ ಪರ ನಿಂತಿದ್ದ ಹಿರಿಯರಿಗೆ ಆ ವಾರ ಮೀಸೆ ತಿರುವಲು ಒಳ್ಳೆಯ ಅವಕಾಶ. “ಏನಪಾ, ನಿಮ್ಮ ಹೊಸಾ ವಸ್ತಾದ?” ಎಂದರೆ ಹುಡುಗರು ಯಾವ ಮುಖದಿಂದ ಉತ್ತರ ಕೊಡಬೇಕು?

ಉತ್ತರವನ್ನು ತಂಡವೇ ಕೊಟ್ಟಿತು. ನಾಲ್ಕನೆಯ ಪಂದ್ಯದಿಂದ ಗೆಲುವಿನ ದಾರಿ ಹಿಡಿಯಿತು. ಹಿಂದಿನ ವರ್ಷ ತಳದಲ್ಲಿದ್ದುದು ಮೇಲೇರತೊಡಗಿತು. ಆದರೆ ಅದನ್ನು ಆನಂದದಿಂದ ನೋಡುವ ಯೋಗ ಭೀಮಾತೀರಕ್ಕೆ ಪೂರ್ಣವಾಗಿ ಇರಲಿಲ್ಲ. ಸೆಪ್ಟೆಂಬರಿನ ಕೊನೆಯಲ್ಲಿ, ಮಹಾರಾಷ್ಟ್ರದ ಮಳೆಗೂ ಜಲಾಶಯಗಳಿಂದ ಬಿಟ್ಟ ನೀರಿಗೂ ಭೀಮೆ ಉಕ್ಕಿದಳು. ವಿಜಯಪುರ, ಕಲಬುರಗಿ ಜಿಲ್ಲೆಗಳ ದಂಡೆಯ ಹೊಲಗಳಿಗೆ ನೀರು ನುಗ್ಗಿತು. 2020ರ ಅಕ್ಟೋಬರಿನ ಪ್ರವಾಹವನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತೊಗರಿ ನೀರಿನಲ್ಲಿ ನಿಂತಾಗ ಕಟ್ಟೆಯ ಮೇಲಿನ ಮೊದಲ ಪ್ರಶ್ನೆ ಅಂಕಪಟ್ಟಿಯದಲ್ಲ, ಉಜನಿಯದು. ಎರಡನೆಯದು ಮಾತ್ರ, ತುಸು ದನಿ ತಗ್ಗಿಸಿ, ಬುಲ್ಸ್ ಏನಾಯಿತು ಎಂಬುದು. ಮನೆಯ ಹೆಂಗಸರು ಇದಕ್ಕೆ ಸಿಡುಕಿದ್ದರೆ ಅದು ಅವರ ತಪ್ಪಲ್ಲ.

ತಂಡ ಪ್ಲೇಆಫ್ ಹಂತವನ್ನು ಮುಟ್ಟಿತು, ಅಂತಿಮವನ್ನು ಮುಟ್ಟಲಿಲ್ಲ. ಅಂತಿಮಕ್ಕೆ ಬಂದದ್ದು ರಮೇಶರು ಬಿಟ್ಟುಬಂದ ಪುಣೆ! ಅದೂ ಅಕ್ಟೋಬರ್ 31ರಂದು ದಿಲ್ಲಿಯಲ್ಲಿ, ದಬಂಗ್ ದಿಲ್ಲಿಗೆ 31-28ರಿಂದ ಸೋತಿತು. ಆ ಪುಣೆಯನ್ನು ಕಟ್ಟಿದವರು ಯಾರು, ನಡೆಸಿದವರು ಯಾರು, ಅರ್ಹತೆ ಯಾರಿಗೆ ಸಲ್ಲಬೇಕು ಎಂಬ ಹೊಸ ತಕರಾರಿಗೆ ಇದು ಸಾಕಾಯಿತು. ಹಿರಿಯರು ಇದರಲ್ಲಿ ತಮ್ಮ ವಾದಕ್ಕೆ ಪುರಾವೆ ಕಂಡರು: ವಸ್ತಾದ ಹೋದ ಮೇಲೂ ಅವನ ಮಣ್ಣು ಗರಡಿಯಲ್ಲಿ ಉಳಿಯುತ್ತದೆ. ಹುಡುಗರು ಹನ್ನೆರಡನೆಯ ಸ್ಥಾನವನ್ನೂ ಪ್ಲೇಆಫನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಅಷ್ಟರಲ್ಲಿ ನದಿ ಇಳಿದಿತ್ತು. ಮೆಕ್ಕಲು ಕುಳಿತ ಬಯಲಿನಲ್ಲಿ ಯಾರೋ ಮಧ್ಯರೇಖೆಯನ್ನು ಎಳೆಯುತ್ತಿದ್ದರು.