ಬದುಕಿರುವಾಗಲೇ ಆಡಬೇಕಾದ ಮಾತು

ಮರಣವು ಎಲ್ಲ ವೈರಗಳನ್ನೂ ಮುಗಿಸುತ್ತದೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದು ಎಷ್ಟರ ಮಟ್ಟಿಗೆ ನಿಜ? ವೈರವು ನಿಜವಾಗಿಯೂ ಮುಗಿಯುವುದೋ, ಇಲ್ಲವೆ ಎದುರಾಳಿಯು ಉತ್ತರ ಕೊಡಲಾರದ ಸ್ಥಿತಿಯನ್ನು ತಲುಪಿದುದರಿಂದ ನಾವೇ ಮೌನ ವಹಿಸುವೆವೋ? ಅಮೆರಿಕದ ರಾಷ್ಟ್ರನಾಯಕರ ಅಂತ್ಯಕ್ರಿಯೆಗಳ ವಿವರಗಳನ್ನು ಓದುತ್ತ, ನೋಡುತ್ತ ಬಂದಂತೆ ಈ ಪ್ರಶ್ನೆ ನನ್ನನ್ನು ಬಹುವಾಗಿ ಕಾಡಿದೆ.

ಆ ದೇಶದ ಸಾರ್ವಜನಿಕ ಶೋಕಾಚರಣೆಯ ಮೇಲೆ 1865ರ ನೆನಪು ಗಾಢವಾಗಿ ಉಳಿದಿದೆ. ಏಪ್ರಿಲ್ 14ರ ರಾತ್ರಿ ಗುಂಡೇಟಿಗೆ ಗುರಿಯಾಗಿ ಮರುದಿನ ಬೆಳಿಗ್ಗೆ ಅಸುನೀಗಿದ ಅಬ್ರಹಾಂ ಲಿಂಕನ್ನರ ಪಾರ್ಥಿವ ಶರೀರವನ್ನು ಹೊತ್ತ ರೈಲು ಏಪ್ರಿಲ್ 21ರಂದು ವಾಷಿಂಗ್ಟನ್ನಿನಿಂದ ಹೊರಟು, ಹಲವು ನಗರಗಳಲ್ಲಿ ನಿಲ್ಲುತ್ತ, ಮೇ 3ರಂದು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡನ್ನು ಮುಟ್ಟಿತು. ಮೂರು ವರ್ಷಗಳ ಹಿಂದೆ ಬಾಲ್ಯದಲ್ಲೇ ತೀರಿಕೊಂಡಿದ್ದ ಮಗ ವಿಲಿಯ ಶವಪೆಟ್ಟಿಗೆಯೂ ತಂದೆಯ ಜೊತೆಯಲ್ಲೇ ಪಯಣಿಸಿತು. ಸಂಸತ್ ಭವನದ ಗುಮ್ಮಟದ ಕೆಳಗೆ ಲಿಂಕನ್ನರ ಪೆಟ್ಟಿಗೆಯನ್ನಿರಿಸಲು ಒರಟು ಪೈನ್ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿ, ಮೇಲೆ ಕರಿಯ ಬಟ್ಟೆ ಹೊದಿಸಿ ಒಂದು ಪೀಠವನ್ನು ಸಿದ್ಧಪಡಿಸಿದ್ದರು. 1963ರಲ್ಲಿ ಕೆನೆಡಿಯವರ, 2004ರಲ್ಲಿ ರೇಗನ್ನರ, 2025ರಲ್ಲಿ ಕಾರ್ಟರರ ಪೆಟ್ಟಿಗೆಗಳನ್ನು ಇರಿಸಿದ್ದೂ ಅದೇ ಪೀಠದ ಮೇಲೆ. ಬಟ್ಟೆ ಹಲವು ಬಾರಿ ಬದಲಾಗಿದೆ. ಒಳಗಿನ ಹಂದರ ಬಹುಮಟ್ಟಿಗೆ ಹಳೆಯದೇ. ಮೇಲಿನ ವೈಭವ ಎಷ್ಟೇ ಇರಲಿ, ಅಡಿಯಲ್ಲಿರುವುದು ಬಡಗಿಯ ಒರಟು ಹಲಗೆ.

ಸಾಮಾನ್ಯ ಜನರ ದುಃಖವನ್ನು ಯಾರೂ ಶಂಕಿಸಬೇಕಾಗಿಲ್ಲ. ಕೆನೆಡಿಯವರ ಅಂತಿಮ ದರ್ಶನಕ್ಕಾಗಿ ಸುಮಾರು ಎರಡೂವರೆ ಲಕ್ಷ ಜನ ನವೆಂಬರಿನ ಚಳಿಯಲ್ಲಿ, ಹಗಲಿರುಳೆನ್ನದೆ ಸರದಿಯಲ್ಲಿ ಸಾಗಿ ಬಂದರು. ಅವರಿಗೆ ಅದರಿಂದ ಯಾವ ಲಾಭವೂ ಇರಲಿಲ್ಲ. ಪರೀಕ್ಷೆ ಇರುವುದು ವೇದಿಕೆಯ ಮೇಲೆ ನಿಂತು ನುಡಿನಮನ ಸಲ್ಲಿಸುವವರಿಗೆ.

ವಾಟರ್‌ಗೇಟ್ ಹಗರಣದಿಂದಾಗಿ 1974ರಲ್ಲಿ ಪದವಿ ತೊರೆದ ರಿಚರ್ಡ್ ನಿಕ್ಸನ್ 1994ರ ಏಪ್ರಿಲ್ 22ರಂದು ನಿಧನರಾದರು. ಅವರ ಶರೀರವನ್ನು ಸಂಸತ್ ಭವನದಲ್ಲಿ ಇರಿಸಲಿಲ್ಲ. ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿ, ಅವರು ಹುಟ್ಟಿದ ಮನೆಯ ಬಳಿಯಲ್ಲೇ ಸಂಸ್ಕಾರ ನಡೆಯಿತು. ಅಂದಿನ ಅಧ್ಯಕ್ಷ ಕ್ಲಿಂಟನ್ನರೂ ಜೀವಿಸಿದ್ದ ನಾಲ್ವರು ಮಾಜಿ ಅಧ್ಯಕ್ಷರೂ ಉಪಸ್ಥಿತರಿದ್ದರು. ನಿಕ್ಸನ್ನರನ್ನು ಅವರ ಇಡೀ ಬದುಕನ್ನು ಕಂಡು ಅಳೆಯಬೇಕೆಂದು ಕ್ಲಿಂಟನ್ ಕೋರಿದರು. ಈ ಮಾತಿನಲ್ಲಿ ಔದಾರ್ಯವಿದೆ. ಆದರೆ ಇಡೀ ಬದುಕೆಂದರೆ ತಪ್ಪೂ ಸೇರಿದ ಬದುಕು. ದೋಷವನ್ನು ಮುಚ್ಚಿಡುವುದು ಕ್ಷಮೆಯಲ್ಲ. ದೋಷವನ್ನು ಬಲ್ಲವನೇ ಕ್ಷಮಿಸಬಲ್ಲ.

ಇನ್ನೊಂದು ನಿದರ್ಶನ ಅಹಿಂಸಾವ್ರತಿಯಾಗಿ ಹೋರಾಡಿದ ಜಾನ್ ಲೂಯಿಸರದು. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಮತದಾನದ ಹಕ್ಕಿಗಾಗಿ ಶಾಂತಿಯಿಂದ ಸೇತುವೆ ದಾಟಿ ಬಂದ ಆ ಯುವಕನ ತಲೆಬುರುಡೆ ರಾಜ್ಯದ ಪೊಲೀಸರ ಲಾಠಿಯೇಟಿಗೆ ಬಿರುಕು ಬಿಟ್ಟಿತು. 2020ರ ಜುಲೈ 26ರಂದು ಅವರ ಶವಪೆಟ್ಟಿಗೆ ಕುದುರೆಗಾಡಿಯಲ್ಲಿ ಅದೇ ಸೇತುವೆಯನ್ನು ದಾಟಿತು. ಹಿಂದೆ ರಕ್ತ ಹರಿದುದರ ನೆನಪಿಗೆ ಗುಲಾಬಿ ದಳಗಳನ್ನು ಚೆಲ್ಲಿದ್ದರು. ಅದೇ ರಾಜ್ಯದ ಪೊಲೀಸರು ಅವರಿಗೆ ವಂದನೆ ಸಲ್ಲಿಸಿದರು. ಆ ವಂದನೆ ಬರಲು 55 ವರ್ಷಗಳು ಬೇಕಾದವು. ಅದನ್ನು ಸ್ವೀಕರಿಸಬೇಕಾದವರ ಕಣ್ಣು ಮುಚ್ಚಿತ್ತು.

2025ರ ಜನವರಿ 9ರಂದು ನಾನು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆ. ನೂರು ವರ್ಷ ಬಾಳಿದ ಜಿಮ್ಮಿ ಕಾರ್ಟರರ ಅಂತಿಮ ಪ್ರಾರ್ಥನೆಯನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡುತ್ತಿದ್ದೆವು. 1976ರ ಚುನಾವಣೆಯಲ್ಲಿ ಕಾರ್ಟರರಿಗೆ ಸೋತ ಜೆರಾಲ್ಡ್ ಫೋರ್ಡರು ಬರೆದಿಟ್ಟಿದ್ದ ನುಡಿನಮನವನ್ನು ಅವರ ಮಗ ಸ್ಟೀವನ್ ಓದಿದರು. ಬರೆದವರು ಗತಿಸಿ ಆಗಲೇ 18 ವರ್ಷಗಳಾಗಿದ್ದವು. “ಅಜ್ಜ, ಸೋತವರು ಗೆದ್ದವರನ್ನು ಯಾಕೆ ಹೊಗಳ್ತಾರೆ?” ಎಂದು ಮೊಮ್ಮಗ ಕೇಳಿದ.

ಅವನಿಗೆ ನಾನು ಹೇಳಿದುದಿಷ್ಟು. 1981ರಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್‌ರ ಅಂತ್ಯಕ್ರಿಯೆಗೆ ಹೋಗಿ ಹಿಂದಿರುಗುವಾಗ ವಿಮಾನದಲ್ಲಿ ಈ ಇಬ್ಬರ ನಡುವೆ ಸ್ನೇಹ ಬೆಳೆಯಿತು. ಯಾರು ಮೊದಲು ತೀರಿಕೊಂಡರೂ ಉಳಿದವರು ನುಡಿನಮನ ಸಲ್ಲಿಸಬೇಕೆಂದು ಮುಂದೆ ಮಾತಾಯಿತು. ಚುನಾವಣೆಯಲ್ಲಿ ಕಾರ್ಟರ್ ತನ್ನ ದೌರ್ಬಲ್ಯಗಳನ್ನು ಎತ್ತಿ ತೋರಿಸಿದರೆಂದೂ, ಅದು ತನಗೆ ಹಿಡಿಸಲಿಲ್ಲವೆಂದೂ ಫೋರ್ಡರು ಮರೆಮಾಚದೆ ಬರೆದಿದ್ದರು. ಆ ಬರಹದಲ್ಲಿ ನಿಂದೆಯಿಲ್ಲ. ಹುಸಿ ಹೊಗಳಿಕೆಯೂ ಇಲ್ಲ. ಕಾರ್ಟರರಾದರೂ 1977ರಲ್ಲಿ ಅಧಿಕಾರ ಸ್ವೀಕರಿಸಿ ಮಾಡಿದ ಭಾಷಣದ ಆರಂಭದಲ್ಲೇ, ದೇಶದ ಗಾಯವನ್ನು ಮಾಯಿಸಲು ಶ್ರಮಿಸಿದ್ದಕ್ಕಾಗಿ ಫೋರ್ಡರಿಗೆ ಕೃತಜ್ಞತೆ ಅರ್ಪಿಸಿದ್ದರು. 2007ರಲ್ಲಿ ಫೋರ್ಡರ ಸಂಸ್ಕಾರದಂದು ಅವರು ಸ್ಮರಿಸಿದ್ದು ಅದೇ ಮಾತನ್ನು. ಮೃತರ ಮುಂದೆ ಆಡಿದ ಮಾತು ಮೂವತ್ತು ವರ್ಷಗಳ ಹಿಂದೆ ಜೀವಂತ ವ್ಯಕ್ತಿಯ ಎದುರಿನಲ್ಲಿ ಆಡಿದ ಮಾತೇ ಆಗಿತ್ತು. ಅದರ ಬೆಲೆ ಇರುವುದು ಅಲ್ಲಿ.

ಜಮೀನಿನ ವ್ಯಾಜ್ಯದಲ್ಲಿ ಹನ್ನೆರಡು ವರ್ಷ ನನ್ನೆದುರು ನಿಂತ ಬಂಧುವೊಬ್ಬರಿದ್ದಾರೆ. ಅವರಿಗೆ ಎಂಬತ್ತು ದಾಟಿದೆ. ಅವರ ವಾದವನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ವ್ಯಾಜ್ಯ ನಡೆಯುತ್ತಿದ್ದ ಕಾಲದಲ್ಲೇ ನನ್ನ ತಾಯಿ ಅಸ್ವಸ್ಥರಾದಾಗ, ಮಧ್ಯರಾತ್ರಿಯಲ್ಲಿ ತಮ್ಮ ಜೀಪನ್ನು ಕಳುಹಿಸಿದವರು ಅವರೇ. ಅವರ ಶ್ರದ್ಧಾಂಜಲಿ ಸಭೆಯಲ್ಲಿ ಈ ಸಂಗತಿಯನ್ನು ಹೇಳಿ ನಾನು ಜನರಿಂದ ಮೆಚ್ಚುಗೆ ಪಡೆಯಬಹುದು. ಅವರಿಗೆ ಅದು ಕೇಳಿಸದು. ಆದುದರಿಂದ ಊರಿಗೆ ಮರಳಿದ ವಾರದಲ್ಲೇ ಒಂದು ಪತ್ರ ಬರೆದು, ಆ ರಾತ್ರಿಯ ಉಪಕಾರವನ್ನು ಸ್ಮರಿಸಿದೆ. ಉತ್ತರ ಬಂದಿಲ್ಲ. ಬರಲೇಬೇಕೆಂಬ ಕರಾರಿನ ಮೇಲೆ ಬರೆದ ಪತ್ರವೂ ಅದಲ್ಲ.

ಧ್ವಜವನ್ನು ಅರ್ಧಕ್ಕೆ ಇಳಿಸುವುದು, ಮೌನಾಚರಣೆ, ಪುಷ್ಪಗುಚ್ಛ ಇವೆಲ್ಲ ಉಳಿದವರ ಸಮಾಧಾನಕ್ಕಾಗಿ ಅಗತ್ಯವಿರಬಹುದು. ಆದರೆ ಎದುರಾಳಿಯಲ್ಲಿ ಕಂಡ ಒಳ್ಳೆಯದನ್ನು ಅವರ ಕಿವಿಗೆ ಬೀಳುವಂತೆ ಹೇಳುವ ಅವಕಾಶವನ್ನು ಸಂತಾಪ ಸಭೆಯವರೆಗೆ ಮುಂದೂಡುವುದು ವಿವೇಕವಲ್ಲ. ವಾಚಕರು ತಮ್ಮ ತಮ್ಮ ಮನೆಗಳಲ್ಲಿ, ಸಂಸ್ಥೆಗಳಲ್ಲಿ ಅಂತಹ ಒಬ್ಬರನ್ನು ನೆನಪಿಸಿಕೊಂಡರೆ ಈ ಬರಹದ ಉದ್ದೇಶ ಸಾರ್ಥಕ.